ಅಳತೆ ನೋಡದೆ ಒಳಗೆ ಬಿಡಬೇಡ

ಮಗಳೇ,

ಡೇಟಾಬೇಸ್ ಸರ್ವರ್ ತಯಾರಿಸುವ ತಂಡ ಸೇರಿದ್ದೀಯ, ಅದರಲ್ಲೂ ನೆಟ್‌ವರ್ಕ್‌ನಿಂದ ಬರುವ ಪ್ಯಾಕೆಟ್‌ಗಳನ್ನು ಬಿಡಿಸಿ ಓದುವ ಭಾಗ ನಿನ್ನ ಪಾಲಿಗೆ ಬಂದಿದೆ ಎಂದು ನಿನ್ನಪ್ಪ ಹೇಳಿದ. ತುಂಬಾ ಸಂತೋಷವಾಯಿತು. ಸಿ ಭಾಷೆಯಲ್ಲಿ ಬರೆದ ಹಳೇ ಕೋಡ್ ಅಂತ ನಿನಗೆ ಸ್ವಲ್ಪ ಬೇಸರವಂತೆ. ಬೇಸರ ಬೇಡ ಕಣಮ್ಮ. ಇಡೀ ಸರ್ವರ್‌ನಲ್ಲಿ ಅದಕ್ಕಿಂತ ಹೊಣೆಯ ಜಾಗ ಇನ್ನೊಂದಿಲ್ಲ. ಪಾಸ್‌ವರ್ಡ್ ಕೇಳುವುದಕ್ಕೂ ಮುಂಚೆ, ಬಂದವರು ಯಾರೆಂದು ತಿಳಿಯುವುದಕ್ಕೂ ಮುಂಚೆ, ಹೊರಗಿನಿಂದ ಬಂದದ್ದು ಮೊದಲು ಬೀಳುವುದು ನಿನ್ನ ಸಾಲುಗಳ ಮೇಲೆ. ಡೇಟಾಬೇಸ್ ನೋಡಿಕೊಳ್ಳುವ ಕೆಲಸದಲ್ಲೇ ತಲೆ ನರೆಸಿಕೊಂಡ ಅತ್ತೆಯಾಗಿ ನಿನ್ನ ಕಿವಿಗೆ ಹಾಕಬೇಕಾದ ಮಾತು ಒಂದೇ ಇದೆ. ನಿನ್ನ ಕೋಡ್‌ಗೆ ಏನನ್ನೋ ಕಳಿಸುವವರನ್ನು ನೀನು ಕಾಣುವುದಿಲ್ಲ. ನಿನ್ನ ಕೋಡ್ ನಂಬಿಕೊಂಡು ಬದುಕುವವರನ್ನೂ ಕಾಣುವುದಿಲ್ಲ. ಈ ಇಬ್ಬರು ಅಪರಿಚಿತರನ್ನು ಮನಸ್ಸಿನಲ್ಲಿಟ್ಟುಕೊಂಡೇ ಒಂದೊಂದು ಸಾಲನ್ನೂ ಬರೆಯಬೇಕು. ಯಾಕೆ ಅನ್ನುವುದಕ್ಕೆ 2003ರಲ್ಲಿ ನಡೆದದ್ದನ್ನು ಹೇಳುತ್ತೇನೆ. ಆಗ ನೀನು ಹುಟ್ಟಿದ್ದೆಯೋ ಇಲ್ಲವೋ ಅನ್ನುವಷ್ಟು ಹಳೆಯ ಸಂಗತಿ, ಆದರೆ ನಿನ್ನ ಕೆಲಸದಲ್ಲಿ ಅದು ಇವತ್ತಿಗೂ ಹಳೆಯದಾಗಿಲ್ಲ.

ಆ ವರ್ಷದ ಜನವರಿ 25, ಶನಿವಾರ. ನಮ್ಮ ಗಡಿಯಾರದಲ್ಲಿ ಬೆಳಗಿನ ಸುಮಾರು 11 ಗಂಟೆ, ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಇನ್ನೂ ಶುಕ್ರವಾರ ರಾತ್ರಿ. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ 2000ರಲ್ಲಿದ್ದ ಒಂದು ಬಫರ್ ಓವರ್‌ಫ್ಲೋ ದೋಷವನ್ನು ಹಿಡಿದುಕೊಂಡು ಒಂದು ವರ್ಮ್ ಹೊರಟಿತು. ಸ್ಲ್ಯಾಮರ್ ಎಂದೂ ಸಫೈರ್ ಎಂದೂ ಅದಕ್ಕೆ ಹೆಸರು ಬಿತ್ತು. ಅದರ ಒಟ್ಟು ಗಾತ್ರ 376 ಬೈಟ್. ನಾನು ಮೇಲೆ ಬರೆದ ಪ್ಯಾರಾವನ್ನು ಯೂನಿಕೋಡ್‌ನಲ್ಲಿ ಉಳಿಸಿದರೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜಾಗ ಹಿಡಿಯುತ್ತದೆ. ಅಷ್ಟು ಚಿಕ್ಕದು, ಒಂದೇ ಒಂದು ಪ್ಯಾಕೆಟ್‌ನಲ್ಲಿ ಮುಗಿಯುವಂಥದ್ದು.

ಆ ದೋಷ ಹೇಗಿತ್ತು ಅನ್ನುವುದನ್ನು ನಿಧಾನವಾಗಿ ನೋಡು. ಎಸ್‌ಕ್ಯೂಎಲ್ ಸರ್ವರ್ 2000ರಲ್ಲಿ ಒಂದೇ ಯಂತ್ರದ ಮೇಲೆ ಬೇರೆ ಬೇರೆ ಹೆಸರಿನಲ್ಲಿ ಹಲವು ಸರ್ವರ್‌ಗಳನ್ನು ನಡೆಸಬಹುದಿತ್ತು. ಯಾವ ಹೆಸರಿನದು ಯಾವ ಪೋರ್ಟ್‌ನಲ್ಲಿದೆ ಅನ್ನುವುದು ಕ್ಲೈಂಟ್‌ಗೆ ತಿಳಿಯಬೇಕಲ್ಲ, ಅದಕ್ಕಾಗಿ ಯುಡಿಪಿ 1434ನೇ ಪೋರ್ಟ್‌ನಲ್ಲಿ ವಿಚಾರಣೆಗೆಂದೇ ಒಂದು ಪುಟ್ಟ ಸೇವೆ ಇಟ್ಟಿದ್ದರು. ಬಂದ ಪ್ಯಾಕೆಟ್‌ನ ಮೊದಲ ಬೈಟ್ 4 ಇದ್ದರೆ, ಉಳಿದದ್ದೆಲ್ಲ ಸರ್ವರ್‌ನ ಹೆಸರು ಎಂದು ಲೆಕ್ಕ. ಆ ಹೆಸರನ್ನು ವಿಂಡೋಸ್ ರಿಜಿಸ್ಟ್ರಿಯ ಒಂದು ಉದ್ದನೆಯ ಕೀಲಿಯ ನಡುವೆ ಸೇರಿಸಿ, ಆ ಕೀಲಿಯನ್ನು ತೆರೆದು ನೋಡಿ ಉತ್ತರ ಹೇಳಬೇಕು. ಸೇರಿಸಿ ಬರೆಯಲು ಸ್ಟ್ಯಾಕ್ ಮೇಲೆ ಒಂದು ಬಫರ್ ಇತ್ತು. ಅದರ ಗಾತ್ರ ಮೊದಲೇ ಗೊತ್ತುಮಾಡಿದ್ದು. ಬಂದ ಹೆಸರು ಎಷ್ಟುದ್ದ ಇದೆ ಎಂದು ಮಾತ್ರ ಯಾರೂ ಕೇಳಲಿಲ್ಲ.

ಹಳೆಯ ಮನಿಯಾರ್ಡರ್ ಫಾರಂ ಒಂದನ್ನು ಊಹಿಸಿಕೋ. ಹೆಸರು ಬರೆಯುವ ಜಾಗ, ಅದರ ಕೆಳಗೆ ದುಡ್ಡು ಎಲ್ಲಿಗೆ ಮುಟ್ಟಬೇಕೆಂಬ ವಿಳಾಸ. ಯಾರೋ ಒಬ್ಬ ಹೆಸರನ್ನೇ ಅಷ್ಟುದ್ದ ಬರೆದು, ಕೆಳಗಿನ ವಿಳಾಸದ ಮೇಲೂ ತನಗೆ ಬೇಕಾದ ಅಕ್ಷರಗಳನ್ನೇ ಕೂರಿಸಿದ ಅನ್ನು. ಗುಮಾಸ್ತರು ಫಾರಂನಲ್ಲಿ ಕಂಡ ವಿಳಾಸಕ್ಕೇ ದುಡ್ಡು ಕಳಿಸುತ್ತಾರೆ. ಸ್ಟ್ಯಾಕ್‌ನಲ್ಲೂ ಬಫರ್ ದಾಟಿದ ಮೇಲೆ ಸ್ವಲ್ಪ ದೂರದಲ್ಲೇ ಇರುವುದು, ಈ ಫಂಕ್ಷನ್ ಮುಗಿದ ಮೇಲೆ ಎಲ್ಲಿಗೆ ಹಿಂದಿರುಗಬೇಕು ಅನ್ನುವ ವಿಳಾಸ. ಸ್ಲ್ಯಾಮರ್ ಅದನ್ನು ಅಳಿಸಿ ತನ್ನ ಕೋಡ್ ಇದ್ದಲ್ಲಿಗೇ ತಿರುಗಿಸಿತು. ಪ್ರೊಸೆಸರ್ ಪ್ರಶ್ನೆ ಕೇಳುವುದಿಲ್ಲ. ಆ ಕ್ಷಣದಿಂದ ಸರ್ವರ್ ಬಂದವನ ಮಾತು ಕೇಳತೊಡಗಿತು.

ಇಲ್ಲಿ ನೀನು ಗಮನಿಸಬೇಕಾದದ್ದು, ಆ ಸಾಲನ್ನು ಬರೆದವರು ದಡ್ಡರಲ್ಲ. ನಮಗಿಂತ ಚೆನ್ನಾಗಿ ಸಿ ಗೊತ್ತಿದ್ದವರು. ಅವರ ಮನಸ್ಸಿನಲ್ಲಿ ಆ ಹೆಸರನ್ನು ಕಳಿಸುವುದು ತಮ್ಮದೇ ಕ್ಲೈಂಟ್ ಸಾಫ್ಟ್‌ವೇರ್, ಅದು ಕಳಿಸುವ ಹೆಸರು ಯಾವಾಗಲೂ ಚಿಕ್ಕದೇ. ಹೀಗೆಂದು ಎಲ್ಲೂ ಬರೆದಿರುವುದಿಲ್ಲ, ಆದರೆ ಕೋಡ್ ಓದಿದರೆ ಆ ನಂಬಿಕೆ ಕಾಣುತ್ತದೆ. ಅದೇ ಸೇವೆಯಲ್ಲಿ ಅದೇ ಸಮಯಕ್ಕೆ ಇನ್ನೂ ಎರಡು ದೋಷಗಳು ಸಿಕ್ಕಿದ್ದು ಆಕಸ್ಮಿಕವಲ್ಲ. ಮೊದಲ ಬೈಟ್ 8 ಇದ್ದರೆ ಹೀಪ್‌ನಲ್ಲಿ ಓವರ್‌ಫ್ಲೋ ಆಗುತ್ತಿತ್ತು. ಮೊದಲ ಬೈಟ್ 10 ಇದ್ದರೆ ಸರ್ವರ್ ಅದನ್ನೇ ಹಿಂದಕ್ಕೆ ಕಳಿಸುತ್ತಿತ್ತು; ಒಂದು ಸರ್ವರ್‌ನ ವಿಳಾಸ ಹಾಕಿ ಇನ್ನೊಂದಕ್ಕೆ ಅಂಥ ಪ್ಯಾಕೆಟ್ ಕಳಿಸಿದರೆ ಎರಡೂ ಒಂದಕ್ಕೊಂದು ಉತ್ತರ ಕೊಡುತ್ತಾ ನಿಲ್ಲದೆ ಕೂರುತ್ತಿದ್ದವು. ಮೂರೂ ಬೇರೆ ಬೇರೆ ತಾಂತ್ರಿಕ ತಪ್ಪುಗಳು. ಮೂರರ ಬೇರು ಒಂದೇ: ಆ ಕಡೆ ಇರುವವರು ನಮ್ಮವರೇ ಅನ್ನುವ ಭಾವನೆ.

ಇದಕ್ಕೂ ಹದಿನಾಲ್ಕು ವರ್ಷ ಹಿಂದೆ, 1988ರ ನವೆಂಬರ್ 2ರಂದು, ಮೋರಿಸ್ ವರ್ಮ್ ಅಮೆರಿಕದ ಯುನಿಕ್ಸ್ ಯಂತ್ರಗಳಿಗೆ ನುಗ್ಗಿದ ದಾರಿಗಳಲ್ಲೂ ಇಂಥದೇ ಬಫರ್ ಓವರ್‌ಫ್ಲೋ ಒಂದಾಗಿತ್ತು. ಫಿಂಗರ್ ಎಂಬ ಸೇವೆ 512 ಬೈಟ್‌ನ ಬಫರ್ ಇಟ್ಟುಕೊಂಡು, ಅಳತೆಯನ್ನೇ ಕೇಳದ ಗೆಟ್ಸ್ ಫಂಕ್ಷನ್‌ನಿಂದ ಓದುತ್ತಿತ್ತು. ವರ್ಮ್ 536 ಬೈಟ್ ಕಳಿಸಿತು. ಆ ಗೆಟ್ಸ್ ಸಿ ಭಾಷೆಯ ಪ್ರಮಾಣಿತ ಪಟ್ಟಿಯಿಂದ ಹೊರಬಿದ್ದದ್ದು 2011ರಲ್ಲಿ. ತಪ್ಪು ಗೊತ್ತಿರುವುದು ಬೇರೆ, ತಪ್ಪು ನಿಲ್ಲುವುದು ಬೇರೆ.

ಇನ್ನು ವೇಗದ ವಿಷಯ. 2001ರಲ್ಲಿ ಬಂದ ಕೋಡ್ ರೆಡ್ ವರ್ಮ್ ತನ್ನ ಸಂಖ್ಯೆಯನ್ನು ದ್ವಿಗುಣ ಮಾಡಿಕೊಳ್ಳಲು ಸುಮಾರು 37 ನಿಮಿಷ ತೆಗೆದುಕೊಂಡಿತ್ತು. ಸ್ಲ್ಯಾಮರ್‌ಗೆ ಮೊದಲ ನಿಮಿಷದಲ್ಲಿ ಸಾಕಾದದ್ದು ಎಂಟೂವರೆ ಸೆಕೆಂಡ್. ಕೋಡ್ ರೆಡ್ ಟಿಸಿಪಿಯಲ್ಲಿ ಹೋಗುತ್ತಿತ್ತು, ಆ ಕಡೆಯಿಂದ ಉತ್ತರ ಬರುವವರೆಗೆ ಕಾಯಬೇಕಿತ್ತು. ಸ್ಲ್ಯಾಮರ್ ಯುಡಿಪಿಯಲ್ಲಿ ಎಸೆದು ಮುಂದಕ್ಕೆ ಹೋಗುತ್ತಿತ್ತು. ಯಂತ್ರದ ಇಂಟರ್ನೆಟ್ ಸಂಪರ್ಕ ಎಷ್ಟು ದಪ್ಪವೋ ಅಷ್ಟೂ ಪ್ಯಾಕೆಟ್. ಮೂರು ನಿಮಿಷಗಳಲ್ಲಿ ಅದು ಸೆಕೆಂಡಿಗೆ ಐದೂವರೆ ಕೋಟಿ ವಿಳಾಸಗಳನ್ನು ತಟ್ಟುವ ಮಟ್ಟಕ್ಕೆ ಏರಿತು. ಹತ್ತು ನಿಮಿಷಗಳಲ್ಲಿ, ದೋಷವಿದ್ದ ಯಂತ್ರಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಅದರ ಕೈಗೆ ಸಿಕ್ಕಿದ್ದವು. ಕನಿಷ್ಠ 75,000 ಯಂತ್ರಗಳು. ಆಮೇಲೆ ಈ ಹರಡುವಿಕೆಯನ್ನು ಅಳೆದ ಸಂಶೋಧಕರ ಲೆಕ್ಕ ಇದು. ಹತ್ತು ನಿಮಿಷದಲ್ಲಿ ಯಾವ ಆನ್‌ಕಾಲ್ ಇಂಜಿನಿಯರ್ ಏಳುತ್ತಾನೆ, ಯಾವ ಮ್ಯಾನೇಜರ್‌ಗೆ ಫೋನ್ ಹೋಗುತ್ತದೆ, ಯಾವ ಮೀಟಿಂಗ್ ಕೂಡುತ್ತದೆ? ಎಚ್ಚೆತ್ತುಕೊಂಡು ತಡೆಯುತ್ತೇವೆ ಅನ್ನುವುದಕ್ಕೆ ಅಲ್ಲಿ ಸಮಯವೇ ಇರಲಿಲ್ಲ. ತಡೆಯಬಹುದಾಗಿದ್ದದ್ದು ಅದಕ್ಕೆ ಮುಂಚೆ ಮಾತ್ರ.

ವಿಚಿತ್ರವೆಂದರೆ ಅದು ಒಂದು ಕಡತವನ್ನೂ ಅಳಿಸಲಿಲ್ಲ, ಒಂದು ಟೇಬಲ್ಲನ್ನೂ ಕದಿಯಲಿಲ್ಲ. ಡಿಸ್ಕ್‌ಗೇ ಹೋಗಲಿಲ್ಲ, ಮೆಮೊರಿಯಲ್ಲೇ ಇತ್ತು; ಯಂತ್ರವನ್ನು ಆರಿಸಿ ಹಚ್ಚಿದರೆ ಹೋಗುತ್ತಿತ್ತು, ಪ್ಯಾಚ್ ಹಾಕದಿದ್ದರೆ ಕೂಡಲೇ ಮತ್ತೆ ಬರುತ್ತಿತ್ತು. ತನ್ನ ಪ್ರತಿಗಳನ್ನು ಕಳಿಸುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವೇ ಇರಲಿಲ್ಲ. ಆ ಪ್ರತಿಗಳ ಭಾರಕ್ಕೇ ದಾರಿಗಳು ಕಟ್ಟಿಕೊಂಡವು. ದಕ್ಷಿಣ ಕೊರಿಯಾದ ಬಹುಭಾಗದಲ್ಲಿ ಗಂಟೆಗಟ್ಟಲೆ ಇಂಟರ್ನೆಟ್ ಇರಲಿಲ್ಲ. ಬ್ಯಾಂಕ್ ಆಫ್ ಅಮೆರಿಕಾದ 13,000 ಎಟಿಎಂಗಳಲ್ಲಿ ಹೆಚ್ಚಿನವು ಹಣ ಕೊಡಲಿಲ್ಲ. ಕಾಂಟಿನೆಂಟಲ್ ಏರ್‌ಲೈನ್ಸ್‌ನ ಕೆಲವು ವಿಮಾನಗಳು ಹೊರಡಲಿಲ್ಲ.

ಸಿಯಾಟಲ್ ಪಕ್ಕದ ಬೆಲ್ವ್ಯೂನಲ್ಲಿ ತುರ್ತು ಕರೆಗಳ ಕೇಂದ್ರವೊಂದಿದೆ. ಎರಡು ಊರುಗಳ ಪೊಲೀಸರಿಗೂ ಹದಿನಾಲ್ಕು ಅಗ್ನಿಶಾಮಕ ದಳಗಳಿಗೂ ಕರೆ ತಲುಪಿಸುತ್ತಿದ್ದ ಜಾಗ ಅದು. ಆ ರಾತ್ರಿ ಅಲ್ಲಿನ ಕಂಪ್ಯೂಟರ್ ವ್ಯವಸ್ಥೆ ನಿಂತು, ಸಿಬ್ಬಂದಿ ಕರೆಗಳನ್ನು ಕಾಗದದ ಮೇಲೆ ಬರೆದುಕೊಂಡು ಕೆಲಸ ಸಾಗಿಸಿದರು. ಓಹಾಯೋದ ಡೇವಿಸ್-ಬೆಸ್ಸಿ ಅಣುವಿದ್ಯುತ್ ಸ್ಥಾವರದಲ್ಲಿ ಸುರಕ್ಷತೆಯ ಅಳತೆಗಳನ್ನು ತೋರಿಸುವ ಪರದೆಗಳು ಸುಮಾರು ಐದು ಗಂಟೆ ಕತ್ತಲಾದವು. ಸ್ಥಾವರ ಬೇರೆ ಕಾರಣಕ್ಕೆ ಮೊದಲೇ ನಿಂತಿತ್ತು, ಹಳೆಯ ಅನಲಾಗ್ ಉಪಕರಣಗಳೂ ಇದ್ದವು; ಅನಾಹುತವಾಗಲಿಲ್ಲ. ಅಲ್ಲಿನ ಫೈರ್‌ವಾಲ್ 1434ನೇ ಪೋರ್ಟನ್ನು ತಡೆಯುವಂತೆಯೇ ಇತ್ತು. ವರ್ಮ್ ಬಂದದ್ದು ಆ ಫೈರ್‌ವಾಲನ್ನು ತಪ್ಪಿಸಿಕೊಂಡು, ಗುತ್ತಿಗೆದಾರರೊಬ್ಬರ ಜಾಲದಿಂದ ಒಳಗೆ ಎಳೆದಿದ್ದ ಇನ್ನೊಂದು ಸಂಪರ್ಕದ ಮೂಲಕ.

ಸರ್ವರ್‌ನ ಹೆಸರು ಹುಡುಕುವ ಆ ಪುಟ್ಟ ಫಂಕ್ಷನ್ ಬರೆದವರ ಮನಸ್ಸಿನಲ್ಲಿ ಅಣು ಸ್ಥಾವರವೂ ಇರಲಿಲ್ಲ, ಬೆಲ್ವ್ಯೂನಲ್ಲಿ ಫೋನ್ ಹಿಡಿದು ಆಂಬುಲೆನ್ಸ್ ಕೇಳುವ ಮುದುಕಿಯೂ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ನಿನ್ನ ವಿಷಯದಲ್ಲೂ ಅಷ್ಟೇ. ನೀನು ಬೆಂಗಳೂರಿನಲ್ಲಿ ಕೂತು ಬರೆದದ್ದು ಯಾವ ಆಸ್ಪತ್ರೆಯ ರಕ್ತನಿಧಿಯಲ್ಲಿ, ಯಾವ ಊರಿನ ನೀರಿನ ಪಂಪ್‌ಹೌಸ್‌ನಲ್ಲಿ ಓಡುತ್ತದೋ ನಿನಗೆ ಯಾರೂ ಹೇಳುವುದಿಲ್ಲ.

ಅದಕ್ಕಿಂತ ಹೆಚ್ಚು ನನ್ನನ್ನು ಕಾಡುವ ಭಾಗ ಮುಂದಿದೆ. ಪ್ಯಾಚ್ ಇತ್ತು. ಡೇವಿಡ್ ಲಿಚ್‌ಫೀಲ್ಡ್ ಎಂಬ ಬ್ರಿಟಿಷ್ ಸಂಶೋಧಕ ದೋಷವನ್ನು ಕಂಡುಹಿಡಿದು ಮೈಕ್ರೋಸಾಫ್ಟ್‌ಗೆ ತಿಳಿಸಿದ್ದರು. 2002ರ ಜುಲೈ 24ರಂದೇ ಕಂಪನಿ ಸೂಚನೆಯ ಜೊತೆ ಪ್ಯಾಚ್ ಬಿಡುಗಡೆ ಮಾಡಿತ್ತು. ವರ್ಮ್ ಬಂದದ್ದು ಆರು ತಿಂಗಳಾದ ಮೇಲೆ. ಹಾಗಾದರೆ ಪ್ಯಾಚ್ ಹಾಕದವರೇ ಸೋಮಾರಿಗಳು ಎಂದು ಆಗ ಬಹಳ ಜನ ಬೈದರು. ನಾನು ಆ ಮಾತನ್ನು ಒಪ್ಪುವುದಿಲ್ಲ. ಮೊದಲು ಬಂದ ಪ್ಯಾಚ್‌ಗೆ ತಾನಾಗಿ ಕೂರುವ ಇನ್‌ಸ್ಟಾಲರ್ ಇರಲಿಲ್ಲ. ಕಡತಗಳನ್ನು ಕೈಯಾರೆ ಬದಲಿಸಬೇಕಿತ್ತು. ರಾತ್ರಿ ಹಗಲು ಓಡುವ ಬ್ಯಾಂಕಿನ ಡೇಟಾಬೇಸನ್ನು ನಿಲ್ಲಿಸಿ ಒಂದು ಡಿಎಲ್‌ಎಲ್ ಬದಲಿಸುವುದೆಂದರೆ ಏನೆಂದು ಆ ಕುರ್ಚಿಯಲ್ಲಿ ಕೂತವರಿಗೇ ಗೊತ್ತು. ದೋಷ ಸರಿಪಡಿಸಿದ ಸರ್ವಿಸ್ ಪ್ಯಾಕ್ 3 ಬಂದದ್ದು ವರ್ಮ್‌ಗೆ ಒಂದೇ ವಾರ ಮುಂಚೆ. ಮೈಕ್ರೋಸಾಫ್ಟ್‌ನ ಒಳಗಿನ ಯಂತ್ರಗಳೇ ಕೆಲವು ಪ್ಯಾಚ್ ಇಲ್ಲದೆ ಸೋಂಕಿಗೆ ಸಿಕ್ಕಿದ್ದವು ಅಂದರೆ ಹೊರಗಿನವರನ್ನು ಏನು ಕೇಳುವುದು?

ಇನ್ನೂ ಮುಖ್ಯವಾದದ್ದು, ಎಷ್ಟೋ ಜನರಿಗೆ ತಮ್ಮ ಯಂತ್ರದಲ್ಲಿ ಎಸ್‌ಕ್ಯೂಎಲ್ ಸರ್ವರ್ ಇದೆ ಎಂಬುದೇ ತಿಳಿದಿರಲಿಲ್ಲ. ಅದರ ಒಂದು ಚಿಕ್ಕ ರೂಪ, ಎಂಎಸ್‌ಡಿಇ, ಬೇರೆ ಬೇರೆ ಕಂಪನಿಗಳ ಸಾಫ್ಟ್‌ವೇರ್ ಒಳಗೆ ಸೇರಿಕೊಂಡು ಬರುತ್ತಿತ್ತು. ಯಾವುದೋ ಆಡಳಿತದ ಪ್ಯಾಕೇಜ್ ಹಾಕಿಕೊಂಡ ಕಚೇರಿಗೆ, ಅದರ ಹೊಟ್ಟೆಯಲ್ಲಿ ಡೇಟಾಬೇಸ್ ಸರ್ವರ್ ಒಂದು 1434ನೇ ಪೋರ್ಟ್ ತೆರೆದುಕೊಂಡು ಕೂತಿದೆ ಎಂದು ಹೇಳಿದವರಿಲ್ಲ. ಅವರು ಮೈಕ್ರೋಸಾಫ್ಟ್‌ನ ಸೂಚನೆಯನ್ನು ಅಕ್ಷರ ಬಿಡದೆ ಓದಿದ್ದರೂ ‘ಇದು ನಮಗಲ್ಲ’ ಎಂದು ಪಕ್ಕಕ್ಕೆ ಇಡುತ್ತಿದ್ದರು. ಪ್ಯಾಚ್ ಬಿಡುಗಡೆ ಮಾಡಿದರೆ ನಮ್ಮ ಕೆಲಸ ಮುಗಿಯಿತು ಅನ್ನುವವರ ಮಧ್ಯೆ ನೀನು ಕೆಲಸ ಮಾಡಬೇಕಾಗುತ್ತದೆ. ನೀನು ಹಾಗೆ ಅನ್ನಬೇಡ.

ಲಿಚ್‌ಫೀಲ್ಡ್ ವಿಷಯ ಹೇಳಿದೆನಲ್ಲ. ಪ್ಯಾಚ್ ಬಂದ ಮೇಲೆ ಅವರು ಬ್ಲ್ಯಾಕ್ ಹ್ಯಾಟ್ ಎಂಬ ಭದ್ರತಾ ಸಮ್ಮೇಳನದಲ್ಲಿ ಈ ದೋಷವನ್ನು ಕೋಡ್ ಸಮೇತ ತೋರಿಸಿದರು. ಸ್ಲ್ಯಾಮರ್ ಬರೆದವರು, ಯಾರೆಂದು ಇಂದಿಗೂ ಪತ್ತೆಯಾಗಿಲ್ಲ, ಆ ಮಾದರಿಯನ್ನೇ ಮುಂದಿಟ್ಟುಕೊಂಡಿದ್ದರು. ಅದನ್ನು ಗುರುತಿಸಿದ ಲಿಚ್‌ಫೀಲ್ಡ್ ಇಂಥ ಮಾದರಿಗಳನ್ನು ಇನ್ನು ಮುಂದೆ ಪ್ರಕಟಿಸಬೇಕೇ ಎಂಬ ಪ್ರಶ್ನೆಯನ್ನು ಎಲ್ಲರೆದುರು ಎತ್ತಿದರು. ನಾಳೆ ನಿನಗೂ ಒಂದು ದೋಷ ಸಿಗುತ್ತದೆ, ಬೇರೆಯವರ ಕೋಡ್‌ನಲ್ಲಿ. ಮೊದಲು ಅವರಿಗೆ ಹೇಳು, ಸರಿಪಡಿಸಲು ಸಮಯ ಕೊಡು, ಆಮೇಲೆ ದೋಷ ಏನೆಂದು ಜಗತ್ತಿಗೆ ಹೇಳು. ಮುಚ್ಚಿಟ್ಟರೆ ಯಾರೂ ಕಲಿಯುವುದಿಲ್ಲ. ಆದರೆ ಹಾಗೇ ಓಡಿಸಬಹುದಾದ ಕೋಡ್ ಕೊಡುವ ಅವಸರ ಬೇಡ. ಈ ವಿಷಯದಲ್ಲಿ ನನಗಿಂತ ತಿಳಿದವರು ಬೇರೆ ಮಾತು ಹೇಳುತ್ತಾರೆ, ಮಾದರಿ ಇಲ್ಲದಿದ್ದರೆ ಕಂಪನಿಗಳು ಕದಲುವುದೇ ಇಲ್ಲ ಎಂದು. ಅವರ ಮಾತಲ್ಲೂ ಸತ್ಯವಿದೆ. ನನ್ನ ಮನಸ್ಸು ಮಾತ್ರ ಪ್ಯಾಚ್ ಇನ್ನೂ ತಲುಪದವರ ಕಡೆಗೇ ವಾಲುತ್ತದೆ.

ಈಗ ನಿನ್ನ ದಿನದ ಕೆಲಸಕ್ಕೆ ಬರುತ್ತೇನೆ. ಪ್ಯಾಕೆಟ್‌ನಲ್ಲಿ ಉದ್ದ ಎಂದು ಬರೆದು ಬಂದ ಸಂಖ್ಯೆ ಇದೆಯಲ್ಲ, ಅದು ಅಳತೆಯಲ್ಲ, ಅದು ಬರೀ ಕಳಿಸಿದವರ ಹೇಳಿಕೆ. ಅಳತೆ ಮಾಡುವವಳು ನೀನು. ಸೊನ್ನೆ ಬಂದರೆ ಏನಾಗುತ್ತದೆ, ಸೈನ್ಡ್ ಸಂಖ್ಯೆಯಾಗಿ ಓದಿದಾಗ ಋಣವಾದರೆ ಏನಾಗುತ್ತದೆ, ಕೊನೆಯ ಸೊನ್ನೆ ಬೈಟ್‌ಗೆಂದು ನೀನು ಒಂದು ಕೂಡಿಸಿದಾಗ ಸಂಖ್ಯೆ ಸುತ್ತು ಹೊಡೆದು ಸೊನ್ನೆಗೇ ಬಂದರೆ ಏನಾಗುತ್ತದೆ, ಎರಡು ಜಿಬಿ ಕೊಡು ಎಂದು ಕೇಳಿದರೆ ಏನಾಗುತ್ತದೆ. ಇವಿಷ್ಟೂ ಕೇಳಿ ಉತ್ತರ ಬಂದ ಮೇಲೆ ಮಾತ್ರ ಮೆಮೊರಿ ಮುಟ್ಟು. ‘ಸುರಕ್ಷಿತ’ ಎಂದು ಹೇಳಿಕೊಟ್ಟ ಫಂಕ್ಷನ್‌ಗಳನ್ನೂ ಕಣ್ಣುಮುಚ್ಚಿ ನಂಬಬೇಡ. ಸ್ಟ್ರಿಂಗ್‌ನ ಇಂತಿಷ್ಟೇ ಬೈಟ್ ನಕಲು ಮಾಡುವ ಎಸ್‌ಟಿಆರ್‌ಎನ್‌ಸಿಪಿವೈ, ಜಾಗ ತುಂಬಿಹೋದರೆ ಕೊನೆಗೆ ಸೊನ್ನೆ ಹಾಕುವುದಿಲ್ಲ. ಮುಂದೆ ಓದುವವರು ಬೇಲಿ ದಾಟಿ ಹೋಗುತ್ತಾರೆ. ಎಸ್‌ಎನ್‌ಪ್ರಿಂಟ್‌ಎಫ್ ಹಿಂದಿರುಗಿಸುವುದು ತಾನು ಬರೆದದ್ದರ ಉದ್ದವನ್ನಲ್ಲ, ಜಾಗ ಇದ್ದಿದ್ದರೆ ಎಷ್ಟು ಬರೆಯುತ್ತಿದ್ದೆ ಅನ್ನುವ ಉದ್ದವನ್ನು. ಆ ಸಂಖ್ಯೆಯನ್ನು ಹಾಗೇ ಕೂಡಿಸಿಕೊಂಡು ಮುಂದಕ್ಕೆ ಬರೆದರೆ ಮತ್ತೆ ಅದೇ ಹಳ್ಳಕ್ಕೆ ಬೀಳುತ್ತೀಯ.

ಈಚೆಗೆ ರಕ್ಷಣೆಗಳು ಬಹಳ ಬಂದಿವೆ. ಹಿಂದಿರುಗುವ ವಿಳಾಸದ ಮುಂದೆ ಕಂಪೈಲರ್ ಒಂದು ಗುಟ್ಟಿನ ಸಂಖ್ಯೆ ಇಟ್ಟು, ಅದು ಕೆಟ್ಟಿದ್ದರೆ ಪ್ರೋಗ್ರಾಂ ನಿಲ್ಲಿಸುತ್ತದೆ. ಸ್ಟ್ಯಾಕ್ ಮೇಲಿನ ಬೈಟ್‌ಗಳನ್ನು ಕೋಡ್ ಎಂದು ಓಡಿಸಲು ಪ್ರೊಸೆಸರ್ ಬಿಡುವುದಿಲ್ಲ. ಮೆಮೊರಿಯ ವಿಳಾಸಗಳು ಪ್ರತಿಸಲ ಬದಲಾಗುತ್ತವೆ. ಇವೆಲ್ಲ ಇರಲಿ, ಒಂದನ್ನೂ ಆರಿಸಲು ಬಿಡಬೇಡ, ವೇಗ ಕಡಿಮೆಯಾಗುತ್ತದೆ ಎಂದು ಯಾರು ಹೇಳಿದರೂ. ಆದರೆ ಇವು ನಿನ್ನ ತಪ್ಪು ನಡೆದ ಮೇಲೆ ಕೆಲಸಕ್ಕೆ ಬರುವಂಥವು. ಸರ್ವರ್ ಬೇರೆಯವರ ವಶವಾಗುವುದು ತಪ್ಪಬಹುದು, ಬಿದ್ದುಹೋಗುವುದು ತಪ್ಪುವುದಿಲ್ಲ. ತಮ್ಮ ಉತ್ಪನ್ನಗಳ ಗಂಭೀರ ದೋಷಗಳಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಮೆಮೊರಿ ಬಳಕೆಯ ತಪ್ಪುಗಳೇ ಎಂದು ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತು. ಕ್ರೋಮ್ ಬ್ರೌಸರ್ ತಂಡದವರ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ ಬಂತು. ಹಾಗಾಗಿ ತಂಡದಲ್ಲಿ ಹೊಸ ಪಾರ್ಸರ್‌ಗಳನ್ನು ಇಂಥ ತಪ್ಪುಗಳಿಗೆ ಸುಲಭವಾಗಿ ಎಡೆಕೊಡದ ರಸ್ಟ್ ಭಾಷೆಯಲ್ಲಿ ಬರೆಯೋಣ ಎಂಬ ಮಾತು ಬಂದರೆ ನೀನು ಅದರ ಪರ ನಿಲ್ಲು. ಹಳೆಯದನ್ನೆಲ್ಲ ಒಂದೇ ಸಲ ಬದಲಿಸಲಾಗದು, ಬದಲಿಸಬೇಕಾಗಿಯೂ ಇಲ್ಲ. ಬಾಗಿಲಲ್ಲಿ ನಿಲ್ಲುವ ಭಾಗದಿಂದ ಶುರುವಾಗಲಿ. ಅಲ್ಲಿಯವರೆಗೆ ನಿನ್ನ ಸಿ ಕೋಡನ್ನು, ಮೆಮೊರಿ ತಪ್ಪುಗಳನ್ನು ಹಿಡಿದು ತೋರಿಸುವ ಅಡ್ರೆಸ್ ಸ್ಯಾನಿಟೈಸರ್ ಹಚ್ಚಿ ಕಂಪೈಲ್ ಮಾಡಿ, ಫಜಿಂಗ್ ಯಂತ್ರಕ್ಕೆ ಕೊಟ್ಟು ರಾತ್ರಿಯಿಡೀ ಓಡಿಸು. ಮನುಷ್ಯರಿಗೆ ಹೊಳೆಯದ ಹುಚ್ಚು ಪ್ಯಾಕೆಟ್‌ಗಳನ್ನು ಅದು ಬೇಸರವಿಲ್ಲದೆ ಕಳಿಸುತ್ತದೆ.

ದೋಷ ಸಿಕ್ಕಿದಾಗ ಸೂಚನೆ ಬರೆಯುವ ಕೆಲಸವನ್ನು ನೀನೇ ಕೇಳಿ ತೆಗೆದುಕೋ. ಹೊಸಬರಿಗೆ ಅದನ್ನು ಶಿಕ್ಷೆಯಂತೆ ಕೊಡುವುದುಂಟು, ನೀನು ಹಾಗೆ ಎಣಿಸಬೇಡ. ಯಾವ ಆವೃತ್ತಿ, ಯಾವ ಪೋರ್ಟ್, ಲಾಗಿನ್ ಬೇಕೋ ಬೇಡವೋ, ಇವತ್ತು ರಾತ್ರಿ ಸರ್ವರ್ ನಿಲ್ಲಿಸಲಾಗದಿದ್ದರೆ ತಾತ್ಕಾಲಿಕವಾಗಿ ಏನು ಮಾಡಬೇಕು, ನಮ್ಮ ಸರ್ವರ್ ಬೇರೆ ಯಾವ ಉತ್ಪನ್ನಗಳ ಒಳಗೆ ಸೇರಿ ಹೋಗಿದೆ: ಇದಿಷ್ಟೂ ಮೊದಲ ಪ್ಯಾರಾದಲ್ಲೇ ಇರಲಿ. ತುಮಕೂರಿನ ಸಹಕಾರಿ ಬ್ಯಾಂಕಿನಲ್ಲಿ ಒಬ್ಬನೇ ಐದು ಜನರ ಕೆಲಸ ಮಾಡುವ ಹುಡುಗ ಅದನ್ನು ಓದಿ ಅರ್ಧ ಗಂಟೆಯಲ್ಲಿ ಕೆಲಸ ಶುರುಮಾಡುವಂತಿರಬೇಕು. ಸ್ಲ್ಯಾಮರ್ ಬಂದಾಗ ನಮ್ಮ ದೇಶದಲ್ಲಿ ಸೈಬರ್ ತುರ್ತುಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸರ್ಟ್-ಇನ್ ಕೂಡ ಇರಲಿಲ್ಲ. ಅದು ಕೆಲಸ ಆರಂಭಿಸಿದ್ದು 2004ರಲ್ಲಿ. ಈಗ ಸೈಬರ್ ಘಟನೆ ತಿಳಿದ ಆರು ಗಂಟೆಯೊಳಗೆ ಅವರಿಗೆ ವರದಿ ಮಾಡಬೇಕೆಂಬ ನಿಯಮವಿದೆ. ವರದಿ ಮಾಡುವವನ ಕೈಯಲ್ಲಿ ನಿನ್ನ ಸ್ಪಷ್ಟವಾದ ಸೂಚನೆ ಇದ್ದರೆ ಅವನಿಗೆ ಎಷ್ಟು ಆಸರೆಯಾಗುತ್ತದೆ ಯೋಚಿಸು.

ನಿಮ್ಮ ಕಂಪನಿಯ ಕೋಡ್ ನನಗೆ ತೋರಿಸಬೇಡ, ನಾನು ಕೇಳುವುದೂ ಇಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಮಾತ್ರ ಎಲ್ಲರಿಗೂ ತೆರೆದ ಕೋಡ್. ಅದರಲ್ಲಿ ಕ್ಲೈಂಟ್‌ನಿಂದ ಬಂದ ಸಂದೇಶವನ್ನು ಓದುವ ಪಿಕ್ಯೂ-ಗೆಟ್‌ಮೆಸೇಜ್ ಎಂಬ ಫಂಕ್ಷನ್ ಇದೆ. ಉದ್ದದ ಸಂಖ್ಯೆ ತಾನೇ ನಾಲ್ಕು ಬೈಟ್ ಆದ್ದರಿಂದ ನಾಲ್ಕಕ್ಕಿಂತ ಕಡಿಮೆ ಬಂದರೆ ಸುಳ್ಳು, ಕರೆದವರು ಹೇಳಿದ ಮಿತಿ ದಾಟಿದರೂ ಸುಳ್ಳು. ಅದನ್ನು ನೋಡಿದ ಮೇಲೇ ಅದು ಉಳಿದದ್ದನ್ನು ಓದುವುದು. ಲಾಗಿನ್‌ಗೂ ಮುಂಚೆ ಬರುವ ಮೊದಲ ಪ್ಯಾಕೆಟ್‌ಗೆ ಅವರು ಇಟ್ಟ ಮಿತಿ 10,000 ಬೈಟ್. ಈ ವಾರ ಆ ಫಂಕ್ಷನ್ ಅನ್ನು ಒಮ್ಮೆ ಓದಿಕೊಂಡು ಬಾ. ಭಾನುವಾರ ಮನೆಗೆ ಬಂದಾಗ, ಅದರಲ್ಲಿ ಉದ್ದವನ್ನು ಪರೀಕ್ಷಿಸುವ ಸಾಲನ್ನು ತೆಗೆದುಹಾಕಿ ಕಂಪೈಲ್ ಮಾಡಿ, ಸುಳ್ಳು ಉದ್ದದ ಪ್ಯಾಕೆಟ್ ಕಳಿಸಿ ಏನಾಗುತ್ತದೆ ಎಂದು ನನ್ನ ಲ್ಯಾಪ್‌ಟಾಪ್‌ನಲ್ಲೇ ಇಬ್ಬರೂ ನೋಡೋಣ.